ಸಾಸಿವೆಯಿಲ್ಲದ ಒಗ್ಗರಣೆ

ತಿಮ್ಮೇಶ ಎತ್ತಿದ ಗುದ್ದಲಿ ನೆಲ ಮುಟ್ಟುವ ಮೊದಲೇ ಕರಿಸಿದ್ದಪ್ಪ ಅದರ ಕಾವು ಹಿಡಿದುಕೊಂಡ.

"ಇಲ್ಲಿ ಗುಂಡಿ ತೋಡಂಗಿಲ್ಲ. ಮ್ಯಾಲೆ ದಿಬ್ಬದ ಬೋರೇಲಿ ತೋಡ್ರಿ."

ತಿಮ್ಮೇಶ ಪೆಚ್ಚಾದ. ಹೊತ್ತು ಮೂಡುವಾಗಲೇ ಹಾರೆ, ಬಾಂಡ್ಲಿ ಹೊತ್ತು ಈ ಕಾಕಡ ಮಲ್ಲಿಗೆ ತೋಟಕ್ಕೆ ಬಂದಿದ್ದ. ಸತ್ತವಳು ಏಕನಾಥಮ್ಮ, ಕರಿಸಿದ್ದಪ್ಪನ ತಮ್ಮನ ಹೆಂಡತಿ. ಅವಳ ಗಂಡ ತಿಪ್ಪಯ್ಯನ ಸಮಾಧಿ ಇರುವುದು ಇದೇ ತೋಟದ ಬದುವಿನಲ್ಲಿ. ಗಂಡನ ಪಕ್ಕ ಹೆಂಡತಿಯನ್ನು ಮಲಗಿಸುವುದಕ್ಕೆ ಯಾರ ಅಪ್ಪಣೆ ಬೇಕು ಎಂದುಕೊಂಡಿದ್ದ.

"ಮಮತಕ್ಕ ಇಲ್ಲೇ ಅಂದ್ಳು ಯಜಮಾನ್ರೇ."

"ತೋಟ ಮಮತಂದೋ, ನಂದೋ?"

ಅಷ್ಟರಲ್ಲಿ ಮಮತಾ ಬೇಲಿ ದಾಟಿ ಬಂದಿದ್ದಳು. ಏಕನಾಥಮ್ಮನಿಗೆ ಇದ್ದವಳು ಅವಳೊಬ್ಬಳೇ ಮಗಳು. ಚಿತ್ರದುರ್ಗದ ಬಸ್ ಡಿಪೋದಲ್ಲಿ ಕಂಡಕ್ಟರ್. ತುಂಬಿದ ಬಸ್ಸಿನ ಕೊನೆಯ ಸೀಟಿನವರೆಗೂ ಮುಟ್ಟುವ ಗಂಟಲು. ಹಿಂದಿನ ಸಂಜೆ ಹಿರಿಯೂರಿನಿಂದ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತ ತಾಯಿ, ಇಳಿಯಬೇಕಾದ ಧರ್ಮಪುರ ಬಂದರೂ ಎದ್ದಿರಲಿಲ್ಲ. ಸುದ್ದಿ ತಿಳಿದು ಓಡಿಬಂದಾಗಿನಿಂದ ಮಗಳು ಅತ್ತಿರಲಿಲ್ಲ. ಅಳು ಬರುವ ಜಾಗದಲ್ಲೆಲ್ಲ ಅವಳಿಗೆ ಸಿಟ್ಟೇ ಬರುತ್ತಿತ್ತು.

"ಗುದ್ದಲಿ ಬಿಡು ದೊಡ್ಡಪ್ಪ."

"ನಿಮ್ಮವ್ವನ್ನ ಇಲ್ಲಿ ಹೂಳಿದ್ರೆ ನನ್ನ ಗಿಡ ಒಂದೂ ಉಳಿಯಲ್ಲ. ನಾನು ಹೇಳ್ತಿರೋದಲ್ಲ, ಊರೇ ಹೇಳ್ತೈತೆ. ಅವಳ ಕೈ ತಾಗಿ ಒಂದ್ಸಲ ಸುಟ್ಟೋಗಿದ್ದು ಸಾಲ್ದಾ?"

ಕಾಲುವೆಯ ದಿಂಡಿನ ಮೇಲೆ ಕೂತಿದ್ದ ಊರ ಹಿರಿಯ ಕಾಟಲಿಂಗಪ್ಪ ಕೆಮ್ಮಿದ. ನ್ಯಾಯ ಹೇಳುವ ಮೊದಲು ಕೆಮ್ಮುವುದು ಅವನ ಅಭ್ಯಾಸ. "ಹೆಣ ಇಟ್ಕಂಡು ಜಗಳ ಬ್ಯಾಡ ಮಗ. ಎಲ್ಲಿ ಹಾಕಿದ್ರೂ ಮಣ್ಣೇ ಅಲ್ವಾ. ನಿಮ್ಮ ಬೋರೇಲೇ ಹಾಕಾಣ."

"ಎಲ್ಲಾ ಮಣ್ಣೂ ಒಂದೇ ಆದ್ರೆ ಇಲ್ಲಿ ಯಾಕೆ ಬ್ಯಾಡ ತಾತ?"

 ಜಗಳ ಬಿಡಿಸುವವರ ನ್ಯಾಯವೇ ಹಾಗೆ. ಯಾರು ಕಳೆದುಕೊಂಡಿದ್ದಾರೋ ಅವರೇ ಇನ್ನೊಂದಿಷ್ಟು ಬಿಟ್ಟುಕೊಡಬೇಕು, ಕಿತ್ತುಕೊಂಡವನ ಮರ್ಯಾದೆ ಉಳಿಯಬೇಕು. ಕಾಟಲಿಂಗಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು ಊರ ಕಡೆ ನೋಡಿದ. ಅಲ್ಲಿ ತಮಟೆ ಶುರುವಾಗಿತ್ತು.

*

ಈ ತೋಟಕ್ಕೆ ಮೊದಲ ಕಡ್ಡಿ ತಂದವಳೇ ಏಕನಾಥಮ್ಮ. ಮಾಡದಕೆರೆಯ ತವರಿನಿಂದ, ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು, ಬಸ್ಸಿನಲ್ಲಿ ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು. ಎಲ್ಲರೂ ಶೇಂಗಾ ಬಿತ್ತುವ ನೆಲದಲ್ಲಿ ಹೊಸ ಸೊಸೆ ಹೂವಿನ ಕಡ್ಡಿ ನೆಡುವುದನ್ನು ಕಂಡು ಭಾವ ಕರಿಸಿದ್ದಪ್ಪ ನಕ್ಕಿದ್ದ. "ಹೂವ ಉಣ್ಣಾಕಾಗುತ್ತೇನವ್ವ?" ಹೂವು ಹಿರಿಯೂರಿನ ಮಾರ್ಕೆಟ್ಟಿಗೆ ಹೋಗತೊಡಗಿದ ಮೇಲೆ ನಗುವುದು ನಿಂತಿತು. "ನಮ್ಮ ತೋಟ" ಎನ್ನುವುದು ಶುರುವಾಯಿತು.

ತಿಪ್ಪಯ್ಯ ಕಾಮಾಲೆಯಲ್ಲಿ ಸತ್ತ. ತೋಟದ ಬದುವಿನಲ್ಲೇ ಅವನನ್ನು ಮಣ್ಣು ಮಾಡಿದರು. ಏಕನಾಥಮ್ಮ ಹೂವು ಬಿಡಿಸುವುದು ಬಿಡಲಿಲ್ಲ. ಗಂಡ ಸತ್ತವಳು ಹೂವು ಮುಟ್ಟಬಾರದು ಎಂದು ಯಾರೋ ಅಂದರೆ, "ನನ್ನ ಕೊಳ್ಳಾಗೆ ತಾಳಿ ಐತೋ ಇಲ್ವೋ ಗಿಡಕ್ಕೇನು ಗೊತ್ತು?" ಎಂದಿದ್ದಳು. ನಾಲಿಗೆ ಹರಿತ. ಇಂಥವಳ ಮೇಲೆ ಊರು ಒಂದು ಕಣ್ಣಿಟ್ಟೇ ಇರುತ್ತದೆ.

ಒಂದು ಮಳೆಗಾಲ ಕಾಲುವೆಯ ಬಾಯಲ್ಲಿದ್ದ ಗಿಡದ ಒಂದು ಕೊಂಬೆ ನಡುಮಧ್ಯಾಹ್ನ ಜೋತುಬಿತ್ತು. ನೆಲ ಒದ್ದೆಯಿದ್ದರೂ ಎಲೆ ಬಾಡಿತ್ತು. ನೀರು ಸಾಲದೇನೋ ಎಂದು ಇನ್ನಷ್ಟು ಬಿಟ್ಟರು. ಕೊಂಬೆ ಬುಡದಿಂದ ಕಪ್ಪಾಗುತ್ತ ಮೇಲೇರಿತು. ಅದೇ ಗಿಡದ ಇನ್ನೊಂದು ಕೊಂಬೆಯ ತುಂಬ ಮೊಗ್ಗು. ಅರ್ಧ ಸತ್ತು ಅರ್ಧ ಬದುಕಿದ್ದ ಗಿಡಕ್ಕೆ ದೃಷ್ಟಿ ತಾಗಿದೆ ಎಂದುಕೊಂಡಳು ಏಕನಾಥಮ್ಮ. ಕೂಸಿಗೆ ಮಾಡುವಂತೆ ಗಿಡಕ್ಕೂ ಮಾಡಿದಳು. ಉಪ್ಪು, ಒಣಮೆಣಸಿನಕಾಯಿ, ಸಾಸಿವೆ ಮುಷ್ಟಿಯಲ್ಲಿ ಹಿಡಿದು ನಿವಾಳಿಸಿ ಬೆಂಕಿಗೆ ಹಾಕಿದಳು. ನೀರಿಗೆ ಬಂದಿದ್ದ ವಾರಗಿತ್ತಿ, ಕರಿಸಿದ್ದಪ್ಪನ ಹೆಂಡತಿ ಓಬವ್ವ, ದೂರದಿಂದ ನೋಡಿದಳು.

ಗಿಡ ಉಳಿಯಲಿಲ್ಲ. ಕರಿಸಿದ್ದಪ್ಪ ಬುಡ ಅಗೆದು ಕಿತ್ತ. ಕಾಂಡದ ಸುತ್ತ ಹತ್ತಿಯ ಎಳೆಯಂಥ ಬಿಳಿ ನೂಲು ಸುತ್ತಿಕೊಂಡಿತ್ತು. ನೂಲಿನ ನಡುವೆ ಸಾಸಿವೆ. ದುಂಡಗೆ, ಕಂದು ಬಣ್ಣದ, ಹಿಡಿಗಟ್ಟಲೆ ಸಾಸಿವೆ. ಪಕ್ಕದ ಗಿಡದ ಬುಡದಲ್ಲೂ ಹಾಗೆಯೇ ಇತ್ತು.

ಬಿಳಿ ನೂಲು ಮತ್ತು ಸಾಸಿವೆ. ಮಾಟ ಎನ್ನುವುದಕ್ಕೆ ಇನ್ನೇನು ಬೇಕು? ಶಾಸ್ತ್ರ ಕೇಳಲೂ ಯಾರೂ ಹೋಗಲಿಲ್ಲ. ಒಂದು ಕಾಳನ್ನು ಮೂಸಿದವರಿಲ್ಲ, ಉಗುರಲ್ಲಿ ಒಡೆದವರಿಲ್ಲ. ಮನೆ ಮನೆಯಲ್ಲಿ ದಿನಾ ಸಾಸಿವೆ ಸಿಡಿಸುವ ಹೆಂಗಸರೂ ಅದನ್ನು ಸಾಸಿವೆ ಎಂದೇ ನಂಬಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು.

ಕಾಟಲಿಂಗಪ್ಪನ ಜಗಲಿಯಲ್ಲಿ ಪಂಚಾಯಿತಿ ಸೇರಿತು. ಓಬವ್ವ ಕಂಡದ್ದನ್ನು ಹೇಳಿದಳು. ಏಕನಾಥಮ್ಮ ಸುಳ್ಳಾಡಲಿಲ್ಲ.

"ಹೂಂ, ಸಾಸಿವೆ ತಗಂಡಿದ್ದೆ. ಗಿಡ ಬಾಡ್ತಿತ್ತು, ದೃಷ್ಟಿ ತೆಗ್ದೆ."

ಹೂಂ ಎಂದದ್ದಷ್ಟೇ ಅವರಿಗೆ ಕೇಳಿಸಿತು. ತೋಟ ಅಣ್ಣನ ಪಾಲಿಗೆ, ಮೇಲಿನ ಕಲ್ಲು ಬೋರೆ ತಮ್ಮನ ಹೆಂಡತಿಗೆ, ಅವಳು ಇನ್ನು ತೋಟಕ್ಕೆ ಕಾಲಿಡಕೂಡದು, ಗಂಡನ ಸಮಾಧಿಗೆ ಬೇಲಿಯಾಚೆಯಿಂದಲೇ ಕೈ ಮುಗಿಯಬೇಕು. ಹೀಗೆ ತೀರ್ಮಾನವಾಯಿತು. ಮಮತಾ ಆಗ ಹೈಸ್ಕೂಲು. ಅವ್ವನ ಸೆರಗು ಹಿಡಿದು ನಿಂತಿದ್ದಳು.

*

"ನೀವು ಮಾತಾಡ್ಕಳ್ತಿರ್ರಿ, ನಾನು ನಮ್ಮಪ್ಪನ್ನ ನೋಡ್ಕಂಬರ್ತೀನಿ" ಎಂದು ಮಮತಾ ಗಿಡಗಳ ಸಾಲಿನೊಳಗೆ ನಡೆದಳು. ಅವಳನ್ನು ತಡೆಯಲು ಹಿಂದೆಯೇ ಬಂದವನು ಕರಿಸಿದ್ದಪ್ಪನ ಮಗ ಮಾರುತೇಶ. ಈಗ ತೋಟ ನೋಡಿಕೊಳ್ಳುವವನು ಅವನೇ.

ಸಮಾಧಿಯ ಹತ್ತಿರ ಒಂದು ಗಿಡದ ಅರ್ಧ ಭಾಗ ಕಪ್ಪಾಗಿ ನಿಂತಿತ್ತು. ಬುಡದ ಮಣ್ಣು ಬಿಡಿಸಿ, ಸುತ್ತ ಪಾತಿ ಮಾಡಿ, ಏನೋ ಔಷಧಿ ಹುಯ್ದಿದ್ದರು. ಮಣ್ಣಿನಲ್ಲಿ ಬಿಳಿ ಎಳೆ. ಎಳೆಯಲ್ಲಿ ಸಾಸಿವೆ.

ಮಮತಾ ಕುಕ್ಕರುಗಾಲಲ್ಲಿ ಕೂತಳು. ಈ ತೋಟಕ್ಕೆ ಅವ್ವ ಕಾಲಿಟ್ಟು ಎಷ್ಟೋ ವರ್ಷವಾಗಿತ್ತು.

"ಇದ್ಯಾವ ಔಷಧಿ ಲೇ?"

"ಬುಡ ಕೊಳೆಯೋದಕ್ಕೆ ಹಾಕೋದು ಅಕ್ಕ. ಮಳೆಗಾಲದಾಗೆ ಒಂದೆರಡು ಗಿಡಕ್ಕೆ ಬರುತ್ತೆ. ಕೊಂಬೆ ಜೋತುಬಿದ್ದ ಕೂಡ್ಲೆ ಬುಡ ಬಿಡಿಸಿ ಹಾಕಿದ್ರೆ ಪಕ್ಕದ ಗಿಡಕ್ಕೆ ಹಬ್ಬಲ್ಲ. ನೀರು ಬುಡದಾಗೆ ನಿಲ್ಲಬಾರ್ದು, ಅಷ್ಟೇ." ಅವನಿಗೆ ತಾನೇನು ಹೇಳುತ್ತಿದ್ದೇನೆಂಬ ಪರಿವೆಯೇ ಇರಲಿಲ್ಲ. ತೋಟದ ಮಾತು ಬಂದರೆ ಅವನು ಹಾಗೆಯೇ.

"ಈ ಸಾಸಿವೆ?"

"ಸಾಸಿವೆ ಎಲ್ಲಿ ಬಂತು? ಅದು ಬೂಷ್ಟಿನ ಬೀಜ. ಶೇಂಗಾಕ್ಕೂ ಬರುತ್ತಲ್ಲ, ಅದೇ ರೋಗ. ಕೊಳೀದಿರೋ ಶೇಂಗಾ ಹೊಟ್ಟು, ಬಳ್ಳಿ ತಂದು ಬುಡಕ್ಕೆ ಹಾಕಿದ್ರೆ ಅದ್ರ ಜೊತೆಗೇ ಬರುತ್ತೆ. ಅಪ್ಪ ಮೊದ್ಲು ಗಾಡಿಗಟ್ಲೆ ಸುರೀತಿದ್ನಲ್ಲ, ತೇವ ಆರಬಾರ್ದು ಅಂತ..."

ಅಲ್ಲಿಗೆ ಅವನ ಮಾತು ನಿಂತಿತು. ಮಮತಾ ತಲೆಯೆತ್ತಿ ನೋಡುತ್ತಿದ್ದಳು.

"ಯಾವಾಗ ಗೊತ್ತಾಯ್ತು ನಿಂಗೆ?"

"ಗಿಡ ಕಿತ್ಕಂಡು ಹಿರಿಯೂರಿಗೆ ಹೋಗಿ ತೋಟಗಾರಿಕೆಯೋರಿಗೆ ತೋರಿಸ್ದೆ. ಅವ್ರೇ ಹೇಳಿದ್ರು."

"ಯಾವಾಗ ಅಂದೆ."

"ನನ್ನ ಮದ್ವೆ ಆದ ವರ್ಷ."

ಅವನ ಮಗು ಈಗ ಅಂಗನವಾಡಿಗೆ ಹೋಗುತ್ತಿತ್ತು. ಅಷ್ಟೂ ವರ್ಷ ಅವ್ವ ಬದುಕಿದ್ದಳು. ಇದೇ ಬೇಲಿಯ ಪಕ್ಕದ ದಾರಿಯಲ್ಲಿ ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ವಾಪಸು ಬರುತ್ತಿದ್ದಳು. ಇವನು ಔಷಧಿ ಹಾಕುತ್ತ ತಲೆಯೆತ್ತಿದರೆ ಅವಳು ಕಾಣುವಷ್ಟು ಹತ್ತಿರ. "ದೊಡ್ಡಪ್ಪಂಗೆ ಗೊತ್ತಾ?" ಎಂದು ಕೇಳುವಾಗ ಮಮತಾಳ ದನಿ ಪೂರ್ತಿ ಇಳಿದಿತ್ತು.

"ಹೇಳ್ದೆ ಅಕ್ಕ. ಸುಮ್ನಿರು ಅಂದ. ಬಾಯಿ ಬಿಟ್ರೆ ತೋಟದಾಗೆ ಅರ್ಧ ಬಿಡಬೇಕಾಗುತ್ತೆ, ನಿಂಗೆ ಮಕ್ಕಳು ಮರಿ ಅಂತ ಇಲ್ವಾ ಅಂದ."

*

ಪಂಚಾಯಿತಿಯಾದ ಮೇಲೆ ಏಕನಾಥಮ್ಮನ ಮನೆಯಲ್ಲಿ ಸಾಸಿವೆ ಇರಲಿಲ್ಲ. ಡಬ್ಬಿಯಲ್ಲಿದ್ದುದನ್ನು ತಿಪ್ಪೆಗೆ ಸುರಿದಳು. ಸುರಿದದ್ದನ್ನು ಯಾರಾದರೂ ಕಂಡಾರೆಂದು ಹೆದರಿ ಮತ್ತೆ ಬರಿಗೈಯಲ್ಲೇ ಬಾಚಿ ತಂದು ಒಲೆಗೆ ಹಾಕಿದಳು. ಅಂದಿನಿಂದ ಒಗ್ಗರಣೆಗೆ ಜೀರಿಗೆ ಮಾತ್ರ. ಅವರ ಮನೆಯ ಸಾರು ಸಪ್ಪಗೆ ಬೇರೆಯದೇ ವಾಸನೆ ಹೊಡೆಯುತ್ತಿತ್ತು.

"ಎಲ್ಲರ ಮನೇಲೂ ಚಟಪಟ ಅನ್ನುತ್ತೆ, ನಮ್ಮ ಮನೇಲಿ ಯಾಕವ್ವ ಅನ್ನಲ್ಲ?" ಎಂದು ಮಮತಾ ಒಮ್ಮೆ ರೇಗಿದ್ದಳು.

"ಅನ್ನಿಸ್ಕಂಡಿದ್ದು ಸಾಲ್ದಾ? ಉಣ್ಣು."

ಊರಲ್ಲಿ ಯಾರೂ ಕೂಲಿಗೆ ಕರೆಯಲಿಲ್ಲ. ಬಸುರಿಯರು ಅವಳು ಎದುರಾದರೆ ಸೆರಗು ಹೊದ್ದು ಪಕ್ಕಕ್ಕೆ ಸರಿದರು. ಏಕನಾಥಮ್ಮ ಬಸ್ಸು ಹಿಡಿದು ಹಿರಿಯೂರಿಗೆ ಹೋಗಿ ಒಂದು ಖಾನಾವಳಿಯಲ್ಲಿ ಅಡುಗೆಗೆ ನಿಂತಳು. ಕಾಲೇಜಿನ ದಿನಗಳಲ್ಲಿ ಒಮ್ಮೆ ಮಮತಾ ಅಲ್ಲಿಗೆ ಹೋದಳು. ಹಂಡೆಯಂಥ ಪಾತ್ರೆಯಲ್ಲಿ ಎಣ್ಣೆ ಕಾಯುತ್ತಿತ್ತು. ಅವ್ವ ಡಬ್ಬಿಗೆ ಕೈ ಹಾಕಿ ಮುಷ್ಟಿ ತುಂಬ ಸಾಸಿವೆ ತೆಗೆದು ಎಣ್ಣೆಗೆ ಎಸೆದಳು. ಸಾಸಿವೆ ಸಿಡಿದು ಗೋಡೆಗೆ, ಕೈಗೆ, ಮುಖಕ್ಕೆ ಹಾರಿತು. ಅವ್ವ ಹಿಂದೆ ಸರಿಯಲಿಲ್ಲ. ಜೊತೆಯವಳಿಗೆ ಏನೋ ಹೇಳಿ ಜೋರಾಗಿ ನಕ್ಕಳು. ಊರಲ್ಲಿ ಅವಳು ಹಾಗೆ ನಕ್ಕಿದ್ದನ್ನು ಮಗಳು ಕಂಡೇ ಇರಲಿಲ್ಲ.

ಮಗಳಿಗೆ ನೌಕರಿಯಾದ ಮೇಲೆ ದುರ್ಗಕ್ಕೆ ಬಂದಿರು ಎಂದು ಎಷ್ಟು ಕರೆದರೂ ಅವಳು ಊರು ಬಿಡಲಿಲ್ಲ. "ನಾನು ಬಿಟ್ಟೋದ್ರೆ ಮಾಟ ಮಾಡಿದ್ದು ಖರೆ ಆಗುತ್ತೆ. ಇಲ್ಲೇ ಇರ್ತೀನಿ, ನೋಡ್ಕಂತ ಸಾಯ್ಲಿ" ಎನ್ನುತ್ತಿದ್ದಳು. ಹಬ್ಬಕ್ಕೆ ಬಂದಾಗಲೆಲ್ಲ ಮಮತಾ ಈ ಮಾತಿಗೇ ಅವಳ ಜೊತೆ ಜಗಳವಾಡಿ ವಾಪಸು ಹೋಗುತ್ತಿದ್ದಳು.

*

ಚಟ್ಟ ಬಂತು. ಬೋರೆಯ ಕಡೆಗೆ ತಿರುಗಬೇಕಾದ ಕವಲಿನಲ್ಲಿ ಮಮತಾ ಅಡ್ಡ ನಿಂತಿದ್ದಳು.

"ತೋಟಕ್ಕೆ ತಗಂಡ್ ಬರ್ರಿ."

ಬಸ್ಸಿನ ಗಂಟಲು ಅದು. ತಮಟೆ ತಾನಾಗಿ ನಿಂತಿತು. ಹೊತ್ತವರು ಕಾಟಲಿಂಗಪ್ಪನ ಮುಖ ನೋಡಿದರು, ಕಾಟಲಿಂಗಪ್ಪ ನೆಲ ನೋಡಿದ. ಅವರು ತೋಟದ ಬೇಲಿಯವರೆಗೆ ಬಂದು ಚಟ್ಟ ಇಳಿಸಿದರು. ಮಣ್ಣಿಗೆ ಬಂದವರೆಲ್ಲ ಸುತ್ತ ಸೇರಿದರು. ಓಬವ್ವ ಹೆಂಗಸರ ಹಿಂದೆ ಬಾಯಿಗೆ ಸೆರಗು ಒತ್ತಿ ನಿಂತಿದ್ದಳು.

"ದೊಡ್ಡವ್ವ, ಬಾ ಇಲ್ಲಿ. ಕೈ ಚಾಚು."

ಓಬವ್ವ ಕೈ ಹಿಂದಕ್ಕೆ ಎಳೆದುಕೊಂಡಳು. ಮಮತಾ ಆ ಕೈ ಹಿಡಿದು, ಬಿಚ್ಚಿ, ಬುಡದಿಂದ ಕೆರೆದು ತಂದಿದ್ದ ಕಾಳುಗಳನ್ನು ಸುರಿದಳು.

"ಏನಿವು?"

"ಸಾಸಿವೆ." ಓಬವ್ವ ಚಟ್ಟದ ಕಡೆ ನೋಡಿದಳು. "ಯಾಕೆ ಮಗ ಇದನ್ನ ತಂದೆ, ಹೆಣದ ಮುಂದೆ?"

"ಉಗುರಾಗೆ ಒಡಿ."

"ಬ್ಯಾಡ."

"ಒಡಿ ದೊಡ್ಡವ್ವ. ಇಷ್ಟು ವರ್ಷ ಹೆದರಿದ್ದೀಯ, ಇವತ್ತೊಂದಿನ ಒಡಿ."

ಓಬವ್ವ ಹೆಬ್ಬೆರಳ ಉಗುರಿನಿಂದ ಒಂದು ಕಾಳು ಒತ್ತಿದಳು. ಒಡೆಯಿತು. ಒಳಗೆ ಬೆಳ್ಳಗಿತ್ತು. ಇನ್ನೊಂದು ಒಡೆದಳು. ಮೂಗಿನ ಹತ್ತಿರ ಹಿಡಿದು ಮೂಸಿದಳು. ಘಾಟಿಲ್ಲ, ಎಣ್ಣೆಯ ಜಿಡ್ಡಿಲ್ಲ. ಬರೀ ಮಣ್ಣಿನ ವಾಸನೆ.

"ಹುಟ್ಟಿದಾಗಿಂದ ಒಗ್ಗರಣೆ ಹಾಕಿದೀಯ. ಸಾಸಿವೆ ಒಳಗೆ ಬೆಳ್ಳಗಿರುತ್ತಾ?"

 ಓಬವ್ವನ ಬೆರಳು ಕಾಳುಗಳನ್ನು ಹೊರಳಿಸುತ್ತಿತ್ತು.

"ಮಾರುತೇಶ, ಇದೇನಂತ ನೀನು ಹೇಳೋ."

ಮಾರುತೇಶ ಅಪ್ಪನನ್ನು ನೋಡಿದ, ಚಟ್ಟ ನೋಡಿದ. "ಬೂಷ್ಟು ರೋಗ" ಎಂದ ಸಣ್ಣಗೆ. "ಶೇಂಗಾ ಹೊಟ್ಟಿನ ಜೊತೆ ಬಂದಿದ್ದು."

"ಹೊಟ್ಟು ತಂದು ಸುರಿದೋರು ಯಾರು?"

ಈ ಪ್ರಶ್ನೆಗೆ ಯಾರೂ ಉತ್ತರ ಕೊಡಬೇಕಾಗಿರಲಿಲ್ಲ. ಆ ವರ್ಷ ಗಾಡಿ ಹೊಡೆದವರು ಇಬ್ಬರು ಅಲ್ಲೇ ನಿಂತಿದ್ದರು. ಓಬವ್ವ ನಿಧಾನಕ್ಕೆ ಗಂಡನ ಕಡೆ ತಿರುಗಿದಳು.

"ನಿಂಗೆ ಗೊತ್ತಿತ್ತಾ?"

"ಈಗ್ಯಾಕೆ ಅದೆಲ್ಲ?"

"ಗೊತ್ತಿತ್ತಾ ಅಂದೆ. ನನ್ನ ಬಾಯಾಗೆ ಹೇಳ್ಸಿದ್ಯಲ್ಲ ಪಂಚಾಯ್ತಿಯಾಗೆ. ನಾನು ಕಂಡೆ ಅಂತ ನಾನಲ್ವಾ ಹೇಳಿದ್ದು. ಒಂದೇ ಬಾವಿ ನೀರು ಕುಡ್ಕಂಡು, ಅವಳ ಕೂಟೆ ಒಂದು ಮಾತಾಡದಂಗೆ ಮಾಡ್ಬಿಟ್ಯಲ್ಲ ನನ್ನ."

ಕರಿಸಿದ್ದಪ್ಪನಿಗೆ ಸಿಟ್ಟು ಬಂತು. ತಪ್ಪು ಸಿಕ್ಕಿಬಿದ್ದ ಗಂಡಸಿಗೆ ಬರುವ ಸಿಟ್ಟು, ಎಲ್ಲರೂ ಸೇರಿ ತನಗೇ ಅನ್ಯಾಯ ಮಾಡುತ್ತಿದ್ದಾರೆ ಎನ್ನುವ ಸಿಟ್ಟು. "ಏನು, ನಾನೊಬ್ನೇ ಅಂದ್ನಾ? ಊರೆಲ್ಲ ಅಂತು. ಈ ಕಾಟಲಿಂಗಣ್ಣ ತೀರ್ಮಾನ ಮಾಡ್ಲಿಲ್ವಾ? ಆಗ ಯಾರಿಗೆ ಗೊತ್ತಿತ್ತು? ಆಮೇಲೆ ಗೊತ್ತಾದ್ರೆ ಏನ್ ಮಾಡ್ಬೇಕಿತ್ತು, ತಮಟೆ ಹೊಡ್ಸಬೇಕಿತ್ತಾ? ಅವಳೂ ಸುಮ್ನಿದ್ಳು, ನಾನೂ ಸುಮ್ನಿದ್ದೆ."

"ಅವಳು ಸುಮ್ನಿರ್ಲಿಲ್ಲ," ಎಂದಳು ಮಮತಾ. "ನೀವು ಸುಮ್ನಿರ್ಸಿದ್ರಿ."

 ಕಾಟಲಿಂಗಪ್ಪ ಕೆಮ್ಮಿದ, ಆದರೆ ಕೆಮ್ಮಿನ ಹಿಂದೆ ಈ ಸಲ ಮಾತು ಬರಲಿಲ್ಲ. ಕೊನೆಗೆ ಕರಿಸಿದ್ದಪ್ಪನೇ ಗುದ್ದಲಿಯನ್ನು ತಿಮ್ಮೇಶನ ಕಾಲ ಬಳಿ ಒಗೆದ.

"ತೋಡ್ರಪ್ಪ. ತಮ್ಮನ ಪಕ್ಕದಾಗೇ ತೋಡ್ರಿ. ಜಾಗ ಕೊಟ್ಟೆ. ಇನ್ನೇನ್ ಬೇಕು?"

ಭಿಕ್ಷೆ ಹಾಕುವವನ ದನಿ. ಆ ಜಾಗ ಯಾರು ಕೊಟ್ಟದ್ದು, ಯಾರದನ್ನು ಯಾರು ಕೊಡುತ್ತಿದ್ದಾರೆ ಎಂದು ಕೇಳುವ ಬಾಯಿ ಅಲ್ಲಿ ಮಮತಾಳದೊಂದೇ ಇತ್ತು. ಮೊದಲು ಗುಂಡಿ ಮುಗಿಯಲಿ ಎಂದುಕೊಂಡಳು ಅವಳು. ತಿಮ್ಮೇಶ ಗುದ್ದಲಿ ಎತ್ತಿಕೊಂಡ. ಮಮತಾ ಚಟ್ಟದ ಪಕ್ಕ ನೆಲದ ಮೇಲೆ ಕೂತು, ಅವ್ವನ ಹಣೆಗೆ ಅಂಟಿದ್ದ ನೊಣವನ್ನು ಓಡಿಸುತ್ತ, ಗುಂಡಿ ಆಳವಾಗುವುದನ್ನೇ ನೋಡಿದಳು.

ಮಧ್ಯಾಹ್ನದ ಬಿಸಿಲಿಗೆ ಗುಂಡಿ ಮುಗಿಯಿತು. ಏಕನಾಥಮ್ಮನನ್ನು ಇಳಿಸಿದರು. ಮಮತಾ ಮೊದಲ ಹಿಡಿ ಮಣ್ಣು ಹಾಕಿದಳು. ಆಮೇಲೆ ನಂಟರು, ಓಣಿಯವರು ಒಬ್ಬೊಬ್ಬರಾಗಿ ಬಗ್ಗಿ, ಹಿಡಿ ಮಣ್ಣೆತ್ತಿ, ಗುಂಡಿಗೆ ಹಾಕಿ ಹಿಂದೆ ಸರಿದರು. ಓಬವ್ವ ಬಂದಳು. ಮಣ್ಣು ಹಾಕುವಾಗ ಅವಳಿಗೆ ಗುಂಡಿಯೊಳಗೆ ನೋಡಲಾಗಲಿಲ್ಲ. "ತಂಗೀ" ಎಂದಳು, ಅಷ್ಟೇ. ಮಮತಾ ಅವಳ ತೋಳು ಹಿಡಿದು ಪಕ್ಕಕ್ಕೆ ಕರೆದುಕೊಂಡಳು. ಕಾಟಲಿಂಗಪ್ಪನೂ ಹಾಕಿದ. ಅವನ ಮೇಲೂ ಅವಳಿಗೆ ಸಿಟ್ಟಿತ್ತು, ಆದರೂ ತಡೆಯಲಿಲ್ಲ.

ಕರಿಸಿದ್ದಪ್ಪ ಮನೆಯ ಹಿರಿಯ. ಹಿರಿಯನ ಮಣ್ಣು ಬೀಳದೆ ಗುಂಡಿ ಮುಚ್ಚುವಂತಿಲ್ಲ ಎನ್ನುವುದು ಅವರ ಪದ್ಧತಿ. ಅವನು ಬಗ್ಗಿ ತನ್ನದೇ ತೋಟದ ಕೆಂಪು ಮಣ್ಣು ಮುಷ್ಟಿ ತುಂಬ ಎತ್ತಿಕೊಂಡು ಮುಂದೆ ಬಂದ. ಮಮತಾ ಅವನ ಎದುರು ಬಂದು ನಿಂತಳು.

"ನಿನ್ನ ಮಣ್ಣು ಬ್ಯಾಡ ದೊಡ್ಡಪ್ಪ."

 ಉಣ್ಣಲು ಬಂದವನಿಗೆ ಅನ್ನವಿಲ್ಲ ಎಂದವರುಂಟು, ಹೆಣ್ಣು ಕೇಳಲು ಬಂದವನನ್ನು ಬಾಗಿಲಿಂದ ಕಳಿಸಿದವರುಂಟು. ಸತ್ತವರಿಗೆ ಮಣ್ಣು ಬೇಡ ಎಂದದ್ದನ್ನು ಆ ಊರಲ್ಲಿ ಯಾರೂ ಕೇಳಿರಲಿಲ್ಲ.

"ಹಂಗನ್ನಬಾರ್ದು ಮಗ," ಎಂದ ಕಾಟಲಿಂಗಪ್ಪ. "ಎತ್ತಿದ ಮಣ್ಣು ಅದು. ಬ್ಯಾರೆ ಎಲ್ಲೂ ಚೆಲ್ಲಂಗಿಲ್ಲ, ಮನೆಗೂ ಒಯ್ಯಂಗಿಲ್ಲ."

"ಗೊತ್ತು ತಾತ. ಇಟ್ಕಳ್ಲಿ." ಅವಳು ತಿಮ್ಮೇಶನ ಕಡೆ ತಿರುಗಿದಳು. "ಮುಚ್ಚಪ್ಪ."

ತಿಮ್ಮೇಶ ಒಮ್ಮೆ ಯಜಮಾನನ ಮುಖ ನೋಡಿದ. ಆಮೇಲೆ ಸನಿಕೆ ಹಿಡಿದು ಮಣ್ಣು ಎಳೆಯತೊಡಗಿದ. ಉಳಿದವರೂ ಕೈ ಹಾಕಿದರು. ಗುಂಡಿ ತುಂಬಿ ದಿಣ್ಣೆಯಾಯಿತು. ದಿಣ್ಣೆಯನ್ನು ಸನಿಕೆಯಿಂದ ತಟ್ಟಿ ನೀರು ಚಿಮುಕಿಸಿದರು. ಜನ ಮೈ ತೊಳೆಯಲು ಬೋರ್‌ವೆಲ್ಲಿನ ತೊಟ್ಟಿಯ ಕಡೆ ಹೊರಟರು. ಓಬವ್ವ ಗಂಡನನ್ನು ದಾಟಿ ಹೋದಳು, ನಿಲ್ಲಲಿಲ್ಲ. ಮಾರುತೇಶ ಬೇಲಿಯ ಹತ್ತಿರ ಹೋಗಿ ತಿರುಗಿ, "ಬಾರಪ್ಪ" ಎಂದು ಕರೆದ.

ಕರಿಸಿದ್ದಪ್ಪ ಕದಲಲಿಲ್ಲ. ಎರಡು ಸಮಾಧಿಗಳ ಮುಂದೆ ಬಲಗೈ ಮುಷ್ಟಿಯನ್ನು ಮೈಯಿಂದ ದೂರ ಚಾಚಿ ಹಿಡಿದು ನಿಂತಿದ್ದ. ಬೆವರಿಗೆ ಮುಷ್ಟಿಯೊಳಗಿನ ಮಣ್ಣು ಕೆಸರಾಗಿ ಬೆರಳ ಸಂದಿನಿಂದ ಇಳಿಯುತ್ತಿತ್ತು. ಅದು ನೆಲಕ್ಕೆ ಬೀಳದ ಹಾಗೆ ಅವನು ಎಡಗೈಯನ್ನು ಬಟ್ಟಲಂತೆ ಮಾಡಿ ಕೆಳಗೆ ಒಡ್ಡಿದ.